ಹರ್ಡೇಕರ ಮಂಜಪ್ಪನವರೂ ನಿರ್ವ್ಯಸನದ ದಾರಿಯೂ

ಒಬ್ಬ ಗೃಹಸ್ಥನ ಕಣಜಕ್ಕೆ ಕಳ್ಳನು ಕನ್ನವಿಕ್ಕಿದನೆಂದರೆ ಊರಿಗೆ ಊರೇ ಎದ್ದು ನಿಲ್ಲುತ್ತದೆ. ಅದೇ ಗೃಹಸ್ಥನು ದಿನವೂ ಸಂಜೆ ತನ್ನ ಕಾಯಕದ ಗಳಿಕೆಯನ್ನು ತಾನೇ ಒಯ್ದು ಹೆಂಡದಂಗಡಿಯಲ್ಲಿ ಸುರಿದು ಬಂದರೆ ಯಾರೂ ಏಳುವುದಿಲ್ಲ. ಮೊದಲನೆಯದು ಒಂದು ರಾತ್ರಿಯ ಕಳವು, ಎರಡನೆಯದು ಒಂದು ಬಾಳಿನ ಕಳವು. ಈ ಎರಡನೆಯ ಕಳವನ್ನು ಕಣ್ಣಿಟ್ಟು ನೋಡಿ, ಅದನ್ನು ತಡೆಯುವ ಬಗೆ ಯಾವುದೆಂದು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟ ಮಹನೀಯರಲ್ಲಿ ಹರ್ಡೇಕರ ಮಂಜಪ್ಪನವರು ಪ್ರಾತಃಸ್ಮರಣೀಯರು. ಕರ್ನಾಟಕದ ಗಾಂಧಿಯೆಂದು ನಾಡು ಅವರನ್ನು ಕರೆಯಿತು. ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವನ್ನಾಗಿ ಮಾಡಿದವರೆಂದು ಶರಣ ಸಮಾಜವು ಅವರನ್ನು ನೆನೆಯುತ್ತದೆ. ಆದರೆ ಅವರು ಸಾಧಿಸಿದ ಸಂಯಮದ ನೆನಪು ನಮ್ಮಲ್ಲಿ ಅಷ್ಟಾಗಿ ಉಳಿದಿಲ್ಲ. ಉಬ್ರಾಣಿಯಿಂದ ಜಗಳೂರಿನವರೆಗೆ, ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಹಳ್ಳಿಹಳ್ಳಿಗಳಲ್ಲಿ ಇಂದು ಕುಡಿತದ ದುಃಖವು ಮನೆ ಹೊಕ್ಕಿರುವಾಗ, ಈ ಸೀಮೆಗೆ ಈಗ ಜಿಲ್ಲಾ ಕೇಂದ್ರವಾಗಿರುವ ದಾವಣಗೆರೆಯನ್ನೇ ತಮ್ಮ ಮೊದಲ ಕರ್ಮಭೂಮಿಯಾಗಿ ಮಾಡಿಕೊಂಡಿದ್ದ ಆ ಪುರುಷನ ಚರಿತ್ರೆಯನ್ನು ಭಕ್ತ ಬಾಂಧವರು ಮತ್ತೊಮ್ಮೆ ಮನನ ಮಾಡುವುದು ಉಚಿತವಾಗಿದೆ.

ಮಂಜಪ್ಪನವರು 1886ನೆಯ ಇಸವಿ ಫೆಬ್ರವರಿ 18ರಂದು ಉತ್ತರ ಕನ್ನಡ ಜಿಲ್ಲೆಯ ಬನವಾಸಿಯಲ್ಲಿ ಜನ್ಮ ತಾಳಿದರು. ಬನವಾಸಿಯು ಕದಂಬರ ರಾಜಧಾನಿ, ಮಧುಕೇಶ್ವರನ ಸನ್ನಿಧಿ. ಶರಣರ ಕಥೆಯನ್ನು ಬಲ್ಲವರಿಗೆ ಇನ್ನೊಂದು ಕಾರಣದಿಂದಲೂ ಆ ಊರು ಪರಿಚಿತವಾದುದು. ಚಾಮರಸನು ತನ್ನ ಪ್ರಭುಲಿಂಗಲೀಲೆಯಲ್ಲಿ ಮಾಯೆಯು ಹುಟ್ಟಿ ಬೆಳೆದು, ಅಲ್ಲಮಪ್ರಭುವನ್ನು ಗೆಲ್ಲಬೇಕೆಂದು ಹೊರಟು ಸೋತದ್ದು ಅಲ್ಲಿಯೇ ಎಂದು ವರ್ಣಿಸಿದ್ದಾನೆ. ಮನಸ್ಸನ್ನು ಮರುಳುಗೊಳಿಸುವ ಶಕ್ತಿಯೊಡನೆ ಮನುಷ್ಯನು ಹೂಡಬೇಕಾದ ಹೋರಾಟದ ಕಥೆ ಅದು. ಆ ಮಣ್ಣಿನ ಮಗನೊಬ್ಬನು ಏಳು ಶತಮಾನಗಳ ತರುವಾಯ ಇನ್ನೊಂದು ಬಗೆಯ ಮರುಳಿನೊಡನೆ ಹೋರಾಡಬೇಕಾಗಿ ಬಂದುದು ದೈವಯೋಗವೇ ಸರಿ.

ಮನೆಯಲ್ಲಿ ಬಡತನವಿದ್ದಿತು. ಆದರೂ ಬಾಲಕನು ಓದಿನಲ್ಲಿ ಚುರುಕು. ಅಂದಿನ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಶಿರಸಿಯ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯರಾದರು. ಸರ್ಕಾರಿ ನೌಕರಿಯೆಂದರೆ ಆ ಕಾಲದ ಬಡ ಕುಟುಂಬಕ್ಕೆ ದಡ ಸಿಕ್ಕಿದಂತೆಯೇ. ಅಷ್ಟರಲ್ಲಿ 1905ರಲ್ಲಿ ವಂಗಭಂಗವಾಯಿತು. ಸ್ವದೇಶೀ ಚಳವಳಿಯ ಅಲೆಯು ದೇಶವನ್ನೆಲ್ಲ ಆವರಿಸಿತು. ಲೋಕಮಾನ್ಯ ತಿಲಕರ ವಿಚಾರಗಳು ತರುಣ ಉಪಾಧ್ಯಾಯರ ಎದೆಗೆ ನಾಟಿದವು. 1906ರಲ್ಲಿ ಅವರು ಉಪಾಧ್ಯಾಯ ವೃತ್ತಿಗೆ ರಾಜೀನಾಮೆ ಕೊಟ್ಟರು. ಆಗ ಅವರ ವಯಸ್ಸು ಇಪ್ಪತ್ತು. ಮುಂದೆ ಅವರು ಮಾಡಿದ ಅನೇಕ ತ್ಯಾಗಗಳಲ್ಲಿ ಇದು ಮೊದಲನೆಯದು.

ಅಲ್ಲಿಂದ ಅವರು ಮೈಸೂರು ಸೀಮೆಯ ದಾವಣಗೆರೆಗೆ ಬಂದು ಧನುರ್ಧಾರಿ ಎಂಬ ವಾರಪತ್ರಿಕೆಯನ್ನು ಅದೇ ವರ್ಷ ಆರಂಭಿಸಿದರು. ದಾವಣಗೆರೆ ಆಗಲೇ ಹತ್ತಿಯ ವ್ಯಾಪಾರದಿಂದ ಬೆಳೆಯುತ್ತಿದ್ದ ಪೇಟೆ. ಸುತ್ತಣ ಹಳ್ಳಿಗಳ ರೈತರು ಬಂಡಿ ಕಟ್ಟಿಕೊಂಡು ಬಂದು ಮಾಲು ಮಾರಿ, ಹಣವನ್ನು ಸೊಂಟಕ್ಕೆ ಕಟ್ಟಿಕೊಂಡು ಹಿಂದಿರುಗುವ ಊರು. ರೈತನ ಕೈಗೆ ರೊಕ್ಕ ಬರುವ ಊರೆಂದ ಮೇಲೆ ಆ ರೊಕ್ಕವನ್ನು ಹಾದಿಯಲ್ಲಿಯೇ ಇಳಿಸಿಕೊಳ್ಳುವ ಅಂಗಡಿಗಳಿಗೂ ಬರವಿರಲಾರದು. ಸ್ವದೇಶೀ ಎಂದರೆ ಪರದೇಶದ ಬಟ್ಟೆಯನ್ನು ಬಿಡುವುದಷ್ಟೇ ಅಲ್ಲ, ದೇಶದ ಜನರ ದುಡಿಮೆಯನ್ನು ದೇಶದ ಜನರ ಬಾಳಿಗೇ ಉಳಿಸುವುದು ಎಂಬ ಅರ್ಥವು ಆ ದಿನಗಳಲ್ಲಿ ಎಲ್ಲೆಡೆ ಬೆಳೆಯುತ್ತಿತ್ತು. 1908ರಲ್ಲಿ ತಿಲಕರ ಪ್ರೇರಣೆಯಿಂದ ಪುಣೆಯಲ್ಲಿ ಸ್ವಯಂಸೇವಕರು ಮದ್ಯದಂಗಡಿಗಳ ಮುಂದೆ ನಿಂತು ಕುಡಿಯಬೇಡಿರೆಂದು ಜನರನ್ನು ಬೇಡಿಕೊಂಡರು. ಅದೇ ವರ್ಷ ತಿಲಕರಿಗೆ ರಾಜದ್ರೋಹದ ಆಪಾದನೆಯ ಮೇಲೆ ಆರು ವರ್ಷಗಳ ಶಿಕ್ಷೆಯಾಯಿತು.

ಕುಡಿತವನ್ನು ಬಿಡಿಸುವುದು ಸರ್ಕಾರಕ್ಕೆ ಏಕೆ ಹಿಡಿಸದೆ ಹೋಯಿತೆಂಬುದನ್ನು ವಾಚಕರು ತಿಳಿಯಬೇಕು. ಈಚಲು ಮರದಿಂದ ಇಳಿಸಿದ ಸೇಂದಿ, ಭಟ್ಟಿಯಲ್ಲಿ ಇಳಿಸಿದ ಸಾರಾಯಿ, ಇವು ನಮ್ಮ ಹಳ್ಳಿಗಳಿಗೆ ಹೊಸವಲ್ಲ. ಬ್ರಿಟಿಷರ ಆಳಿಕೆಯಲ್ಲಿ ಹೊಸದಾಗಿ ಬಲಗೊಂಡದ್ದು ಅಬಕಾರಿಯ ವ್ಯವಸ್ಥೆ. ಮಾರುವ ಹಕ್ಕನ್ನು ಸರ್ಕಾರವು ಹರಾಜಿಗೆ ಇಟ್ಟಿತು. ಹೆಚ್ಚು ಹಣ ಕೂಗಿದವನಿಗೆ ಗುತ್ತಿಗೆಯಾಯಿತು. ಕೂಗಿದ ಹಣವನ್ನು ತೀರಿಸಿ ಲಾಭವನ್ನೂ ಗಳಿಸಬೇಕಾದ ಗುತ್ತಿಗೆದಾರನು ಹೊಸ ಹೊಸ ಕುಡುಕರನ್ನು ಹುಡುಕಲೇಬೇಕು. ಕುಡಿಯುವವರು ಹೆಚ್ಚಿದಂತೆ ಮುಂದಿನ ವರ್ಷದ ಹರಾಜಿನ ಕೂಗೂ ಏರುತ್ತದೆ, ಬೊಕ್ಕಸವೂ ತುಂಬುತ್ತದೆ. ಹೀಗೆ ಕೂಲಿಕಾರನ ಮಡದಿಯ ಕಣ್ಣೀರು ರಾಜ್ಯದ ಆದಾಯದ ಒಂದು ಬಾಬತ್ತಾಯಿತು. ಇದು ಬ್ರಿಟಿಷ್ ಪ್ರಾಂತಗಳಲ್ಲಿ ಹೇಗೋ ಮೈಸೂರು ಸಂಸ್ಥಾನದಲ್ಲಿಯೂ ಹಾಗೆಯೇ ಇತ್ತು.

ಇಂತಹ ಬಲವಾದ ಯಂತ್ರದ ಎದುರು ಪತ್ರಿಕೆಯ ಲೇಖನವೊಂದೇ ಸಾಲದೆಂಬುದು ಮಂಜಪ್ಪನವರಿಗೆ ಬೇಗನೆ ಅರಿವಾದಂತೆ ಅವರ ಮುಂದಿನ ನಡೆಯಿಂದ ತೋರುತ್ತದೆ. ಪರರಿಗೆ ಬಿಡು ಎಂದು ಹೇಳುವವನು ತಾನು ಏನನ್ನು ಬಿಟ್ಟಿದ್ದಾನೆಂಬುದನ್ನು ಜನರು ಮೊದಲು ನೋಡುತ್ತಾರೆ. 1910ರಲ್ಲಿ ಅವರು ಆಜೀವ ಬ್ರಹ್ಮಚರ್ಯದ ವ್ರತವನ್ನು ಕೈಕೊಂಡರು. ಊಟ ಉಡುಗೆಗಳಲ್ಲಿ ಮಿತವನ್ನು ತಂದುಕೊಂಡರು. ವ್ರತವೆಂದರೆ ಅವರಿಗೆ ಪ್ರದರ್ಶನವಲ್ಲ. ಮನಸ್ಸಿಗೆ ತಾನೇ ಹಾಕಿಕೊಂಡ ಕಟ್ಟು. ಒಂದು ಗಳಿಗೆಯ ಆಸೆಗೆ ಇಲ್ಲವೆನ್ನುವ ಶಕ್ತಿಯು ಉಪದೇಶವನ್ನು ಕೇಳುವುದರಿಂದ ಬರುವುದಿಲ್ಲ, ನಿತ್ಯದ ಅಭ್ಯಾಸದಿಂದ ಬರುತ್ತದೆಂಬ ಶರಣರ ಅನುಭವವನ್ನೇ ಅವರು ತಮ್ಮ ದೇಹದ ಮೇಲೆ ಪ್ರಯೋಗ ಮಾಡಿ ನೋಡಿದರು.

1911ರಲ್ಲಿ ಅವರು ದಾವಣಗೆರೆಯಲ್ಲಿ ಭಜನಾ ಸಂಘವನ್ನು ಸ್ಥಾಪಿಸಿದರು. ಇದು ಸಣ್ಣ ಸಂಗತಿಯೆಂದು ತೋರಬಹುದು. ನಮ್ಮ ವಿಷಯಕ್ಕೆ ಬಹು ದೊಡ್ಡ ಸಂಗತಿ. ಕುಡಿಯುವವನನ್ನು ವಿಚಾರಿಸಿ ನೋಡಿರಿ. ಅವನು ಮೊದಲು ಅಂಗಡಿಗೆ ಹೋದದ್ದು ಹೆಂಡದ ರುಚಿಗಾಗಿ ಅಲ್ಲ. ಹಗಲೆಲ್ಲ ಮೈಮುರಿದು ದುಡಿದ ಬಳಿಕ ಸಂಜೆಗೆ ಕೂರಲು ಒಂದು ಜಾಗ, ಮಾತನಾಡಲು ನಾಲ್ಕು ಜನ, ದಣಿವನ್ನು ಮರೆಯಲು ಒಂದು ನೆವ ಅವನಿಗೆ ಬೇಕಾಗಿದ್ದಿತು. ಊರಿನಲ್ಲಿ ಅವೆಲ್ಲವೂ ಒಟ್ಟಿಗೆ ದೊರೆಯುವ ಎಡೆ ಅದೊಂದೇ ಆಗಿದ್ದಿತು. ಆ ಅಂಗಡಿಯನ್ನು ಬೈದರೆ ಅದು ಮುಚ್ಚುವುದಿಲ್ಲ. ಅದಕ್ಕೆ ಎದುರಾಗಿ ಇನ್ನೊಂದು ಬಾಗಿಲು ತೆರೆಯಬೇಕು. ಭಜನೆಯ ಮನೆಯಲ್ಲಿ ದೀಪವಿದೆ, ತಾಳವಿದೆ, ಜೊತೆಯ ಜನರಿದ್ದಾರೆ, ನೀತಿಯ ನಾಲ್ಕು ಮಾತುಗಳಿವೆ. ಮನೆಗೆ ಹಿಂದಿರುಗುವಾಗ ಸೊಂಟದ ರೊಕ್ಕವೂ ಹಾಗೆಯೇ ಇದೆ. ಬರಿದಾದ ಸಂಜೆಯನ್ನು ತುಂಬಿದ ಸಂಜೆಯನ್ನಾಗಿ ಮಾಡುವ ಈ ಉಪಾಯವು ಇಂದಿಗೂ ಹಳತಾಗಿಲ್ಲ.

ಇದರ ಮುಂದಿನ ಮೆಟ್ಟಿಲೇ ಬಸವ ಜಯಂತಿ. 1913ರಲ್ಲಿ ಮಂಜಪ್ಪನವರು ದಾವಣಗೆರೆಯ ವಿರಕ್ತಮಠದಲ್ಲಿ ಮೃತ್ಯುಂಜಯ ಸ್ವಾಮಿಗಳವರ ಸಹಕಾರದಿಂದ ಬಸವೇಶ್ವರರ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದರು. ಆ ಮೃತ್ಯುಂಜಯ ಸ್ವಾಮಿಗಳವರೇ ಮುಂದೆ ಧಾರವಾಡದ ಮುರುಘಾಮಠದ ಪೀಠವನ್ನೇರಿ ನೂರಾರು ಬಡ ವಿದ್ಯಾರ್ಥಿಗಳಿಗೆ ಅನ್ನ ಆಶ್ರಯಗಳನ್ನಿತ್ತರು. ಇಂದು ಬಸವ ಜಯಂತಿಯು ನಾಡಹಬ್ಬವಾಗಿದೆ. ಆದರೆ ಅದನ್ನು ಆರಂಭಿಸಿದವರ ಅಭಿಪ್ರಾಯವು ಮೆರವಣಿಗೆಯಲ್ಲಿ ಮುಗಿಯುವಂತಹುದಾಗಿರಲಿಲ್ಲ. ಬಸವಣ್ಣನವರನ್ನು ನೆನೆಯುವುದೆಂದರೆ ಕಾಯಕವನ್ನು ನೆನೆಯುವುದು, ದಾಸೋಹವನ್ನು ನೆನೆಯುವುದು. ಕಾಯಕದಿಂದ ಬಂದುದು ಮೊದಲು ಮನೆಯ ಹೊಟ್ಟೆಗೆ, ಬಳಿಕ ಜಂಗಮಕ್ಕೆ ಮತ್ತು ಸಮಾಜಕ್ಕೆ ಸಲ್ಲಬೇಕಾದ ಪದಾರ್ಥ. ಅದನ್ನು ಪಾನದಲ್ಲಿ ಕರಗಿಸಿದವನು ತನ್ನ ಹಣವನ್ನು ತಾನು ಕಳೆದನೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಅದರಲ್ಲಿ ಮಡದಿಯ ಪಾಲಿತ್ತು, ಮಕ್ಕಳ ಓದಿನ ಪಾಲಿತ್ತು, ಹಸಿದು ಬಂದವರ ಪಾಲಿತ್ತು. ಕುಡಿತವನ್ನು ಶರಣಧರ್ಮವು ದೇಹದ ಕೇಡೆಂದು ಮಾತ್ರವಲ್ಲ, ದಾಸೋಹದ ಕಳವೆಂದು ಏಕೆ ಕಾಣಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಲ್ಲಿ ಹನ್ನೆರಡನೆಯ ಶತಮಾನದ ಒಬ್ಬ ಶರಣನನ್ನು ಸ್ಮರಿಸದಿದ್ದರೆ ಈ ಚರಿತ್ರೆ ಅಪೂರ್ಣವಾದೀತು. ಆತನೇ ಹೆಂಡದ ಮಾರಯ್ಯ. ಹೆಸರೇ ಆತನ ವೃತ್ತಿಯನ್ನು ಹೇಳುತ್ತದೆ. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ಆತನ ಕೆಲವೇ ವಚನಗಳು ನಮಗೆ ಉಳಿದು ಬಂದಿವೆ. ಹೆಂಡದ ಮಡಕೆ, ಹೆಂಡದ ಅಮಲುಗಳ ಮಾತನ್ನೇ ಹಿಡಿದು ಆತನು ಅರಿವಿನ ಮಾತನ್ನು ಹೇಳಿದನು. ಶರಣರ ಸಮೂಹವು ಹೆಂಡ ಮಾರುವವನನ್ನು ನೀನು ಪಾಪಿ, ದೂರ ಹೋಗು ಎಂದು ಅಟ್ಟಲಿಲ್ಲ. ಒಳಗೆ ಕರೆದು ಕೂಡಿಸಿಕೊಂಡಿತು, ಆತನೂ ಅಯ್ಯನೆನಿಸಿಕೊಂಡನು. ಕುಡಿಯುವವನನ್ನೂ ಮಾರುವವನನ್ನೂ ಮನುಷ್ಯರೆಂದು ತಿಳಿದು ಹತ್ತಿರ ಕರೆದಾಗಲೇ ಅವರು ಬದಲಾಗುತ್ತಾರೆ. ಭಜನೆಯ ಮನೆಯ ಬಾಗಿಲನ್ನು ತೆರೆದ ಮಂಜಪ್ಪನವರ ಮಾರ್ಗವೂ ಇದೇ ಜಾಡಿನದು.

ಮಹಾತ್ಮ ಗಾಂಧಿಯವರು ದೇಶದ ಮುಂದಾಳ್ತನವನ್ನು ವಹಿಸಿದಾಗ ಮಂಜಪ್ಪನವರ ಬಾಳಿಗೆ ಒಂದು ಹೊಸ ಬೆಳಕು ದೊರೆಯಿತು. ಗಾಂಧೀಜಿಯವರ ಚರಿತ್ರೆಯನ್ನು ಕನ್ನಡಿಗರಿಗೆ ಮೊದಮೊದಲು ಬರೆದುಕೊಟ್ಟವರಲ್ಲಿ ಅವರೊಬ್ಬರು. ಗಾಂಧೀಜಿಯವರ ರಚನಾತ್ಮಕ ಕಾರ್ಯಗಳಲ್ಲಿ ಖಾದಿ, ಅಸ್ಪೃಶ್ಯತೆಯ ನಿವಾರಣೆಗಳ ಜೊತೆಯಲ್ಲಿಯೇ ಪಾನನಿರೋಧವೂ ಇದ್ದಿತು. ಅಸಹಕಾರ ಚಳವಳಿಯ ಕಾಲದಲ್ಲಿ ಕನ್ನಡ ನಾಡು ಇದಕ್ಕಾಗಿ ರಕ್ತವನ್ನೇ ತೆರಬೇಕಾಯಿತು. ಧಾರವಾಡದಲ್ಲಿ ಮದ್ಯದಂಗಡಿಯ ಮುಂದೆ ಪಿಕೆಟಿಂಗ್ ನಡೆಯುತ್ತಿದ್ದಾಗ, 1921ನೆಯ ಜುಲೈ 1ರಂದು ಪೊಲೀಸರು ಗುಂಡು ಹಾರಿಸಿದರು. ಮೂವರು ಪ್ರಾಣ ಕಳೆದುಕೊಂಡರು. ಆ ಮೂವರೂ ಮುಸಲ್ಮಾನ ಬಂಧುಗಳು. ಕುಡಿತದಿಂದ ಹಾಳಾಗುವ ಮನೆಗೆ ಜಾತಿಮತಗಳಿಲ್ಲ. ಅದನ್ನು ಉಳಿಸಲು ನಿಂತವರಿಗೂ ಅವು ಅಡ್ಡಬರಲಿಲ್ಲ.

ಇದಾದ ಒಂದೆರಡು ವರ್ಷಗಳಲ್ಲಿ ಮಂಜಪ್ಪನವರು ಹರಿಹರದ ಬಳಿ ತುಂಗಭದ್ರೆಯ ದಡದಲ್ಲಿ ಸತ್ಯಾಗ್ರಹಾಶ್ರಮವನ್ನು ಕಟ್ಟಿದರು. ಹೊನ್ನಾಳಿಯನ್ನು ಮುಟ್ಟಿ ಹರಿಯುವ ಹೊಳೆಯೇ ಹರಿಹರಕ್ಕೆ ಬರುತ್ತದೆ. ಆದುದರಿಂದ ಈ ಭಾಗದ ಜನರಿಗೆ ಆ ಆಶ್ರಮವು ತಮ್ಮದೇ ಹೊಳೆಯ ದಡದ ತಪೋಭೂಮಿ. ಅಲ್ಲಿ ನೂಲುವುದು, ನೇಯುವುದು, ಪ್ರಾರ್ಥನೆ, ಮೈಬಗ್ಗಿಸಿ ದುಡಿಯುವುದು ಇವೇ ದಿನಚರಿ. ಮುಂದೆ 1927ರಲ್ಲಿ ಅವರು ಕೃಷ್ಣಾನದಿಯ ತೀರದ ಆಲಮಟ್ಟಿಗೆ ತೆರಳಿ ಅಲ್ಲಿ ವಿದ್ಯಾಲಯವನ್ನು ಸ್ಥಾಪಿಸಿದರು. ಅಕ್ಷರದ ಜೊತೆಗೆ ಕೈಕೆಲಸವನ್ನೂ, ಕೈಕೆಲಸದ ಜೊತೆಗೆ ಶೀಲವನ್ನೂ ಮಕ್ಕಳಿಗೆ ಕಲಿಸುವುದು ಅದರ ಗುರಿ. ಖಾದಿ ವಿಜಯ, ಶರಣ ಸಂದೇಶ ಮೊದಲಾದ ಪತ್ರಿಕೆಗಳ ಮೂಲಕವೂ, ಅನೇಕ ಪುಸ್ತಕಗಳ ಮೂಲಕವೂ ಸ್ವಾವಲಂಬನ, ಸಂಯಮ, ಶರಣಧರ್ಮಗಳನ್ನು ಅವರು ಕೊನೆಯವರೆಗೂ ಸಾರಿದರು. ಎಳೆಯ ಕೈಗೆ ಕೆಲಸವನ್ನೂ ಎಳೆಯ ಮನಸ್ಸಿಗೆ ಆದರ್ಶವನ್ನೂ ಕೊಟ್ಟರೆ ದುಶ್ಚಟಕ್ಕೆ ಹೊಗಲು ಸಂದು ಸಿಗಲಾರದು.

ಅವರ ಜೀವಿತಕಾಲದಲ್ಲಿಯೇ ನಮ್ಮ ಜಗಳೂರಿನ ನೆರೆಯ ಚಿತ್ರದುರ್ಗ ಸೀಮೆಯಲ್ಲಿ ಇನ್ನೊಂದು ಕಿಡಿ ಹೊತ್ತಿತು. 1939ರಲ್ಲಿ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಸೇಂದಿ ಇಳಿಸುವ ಈಚಲು ಮರಗಳನ್ನು ಕಡಿದು ಸೆರೆಮನೆಗೆ ನಡೆದರು. ಮುಂದೆ ರಾಜ್ಯದ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪನವರು ಆ ಹೋರಾಟದಲ್ಲಿದ್ದವರು. ಮರ ಕಡಿದರೆ ಸೇಂದಿ ನಿಲ್ಲುತ್ತದೆ, ಸೇಂದಿ ನಿಂತರೆ ಅಬಕಾರಿ ನಿಲ್ಲುತ್ತದೆ ಎಂಬುದು ಜನರಿಗೆ ಎದ್ದು ಕಾಣುವ ಸತ್ಯವಾಗಿತ್ತು.

ಮಂಜಪ್ಪನವರು 1947ನೆಯ ಜನವರಿ 3ರಂದು ಲಿಂಗೈಕ್ಯರಾದರು. ಬಯಸಿದ ಸ್ವಾತಂತ್ರ್ಯವು ಬರುವುದಕ್ಕೆ ಆಗ ಇನ್ನು ಏಳೇ ತಿಂಗಳಿತ್ತು. ಕೈಯಲ್ಲಿ ಆಸ್ತಿಯಿರಲಿಲ್ಲ, ಮನೆಮಕ್ಕಳಿರಲಿಲ್ಲ. ಅವರು ಬಿಟ್ಟುಹೋದ ಆಸ್ತಿಯೆಂದರೆ ನಡೆದು ತೋರಿದ ಒಂದು ದಾರಿ.

ಆ ಬಳಿಕ ನಡೆದುದನ್ನು ಸಂಕ್ಷೇಪವಾಗಿ ನೋಡಿದರೆ ಆ ದಾರಿಯ ಬೆಲೆ ತಿಳಿಯುತ್ತದೆ. ಸ್ವತಂತ್ರ ಭಾರತದ ಸಂವಿಧಾನವು ತನ್ನ 47ನೆಯ ವಿಧಿಯಲ್ಲಿ, ಔಷಧಕ್ಕಲ್ಲದೆ ಮಾದಕ ಪಾನೀಯಗಳನ್ನೂ ದ್ರವ್ಯಗಳನ್ನೂ ಬಳಸುವುದನ್ನು ತಡೆಯಲು ಸರ್ಕಾರಗಳು ಯತ್ನಿಸಬೇಕೆಂದು ವಿಧಿಸಿತು. ಹಳೆಯ ಮೈಸೂರು ರಾಜ್ಯದ ಹಲವೆಡೆ ಜಾರಿಯಲ್ಲಿದ್ದ ಪಾನನಿರೋಧವನ್ನು 1967ರ ಹೊತ್ತಿಗೆ ಕೈಬಿಡಲಾಯಿತು. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿಯ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಬಡವರು ಸತ್ತರು. 2007ನೆಯ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟವು ನಿಂತಿತು; ಆದರೆ ಬಾಟಲಿಯ ಮದ್ಯವು ಹಳ್ಳಿಯ ಸಣ್ಣ ಅಂಗಡಿಯವರೆಗೂ ಬಂದಿತು. ಇಂದು ರಾಜ್ಯದ ಅಬಕಾರಿ ಆದಾಯವು ವರ್ಷಕ್ಕೆ 30,000 ಕೋಟಿ ರೂಪಾಯಿಗಳನ್ನು ಮೀರಿದೆ. ಕಾನೂನು ಬೇಡವೆಂದಲ್ಲ; ಕಾನೂನು ಬೇಲಿ. ಬೇಲಿಯ ಒಳಗೆ ಬೆಳೆಯನ್ನು ಬಿತ್ತದಿದ್ದರೆ ಕಳೆಯೇ ಬೆಳೆಯುತ್ತದೆ.

ಬಿತ್ತುವ ಕೆಲಸವನ್ನು ಮುಂದುವರಿಸಿದವರೂ ಇದ್ದಾರೆ. ಆಲಮಟ್ಟಿಗೆ ಬಹುದೂರವಲ್ಲದ ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಮಹಾಂತ ಸ್ವಾಮಿಗಳವರು 1975ರಲ್ಲಿ ಮಹಾಂತ ಜೋಳಿಗೆಯನ್ನು ಹೊತ್ತು ಹೊರಟರು. ಮಠದ ಜೋಳಿಗೆಗೆ ಜನರು ಕಾಳು ಹಾಕುವುದು ವಾಡಿಕೆ. ಸ್ವಾಮಿಗಳವರು ಬೇಡಿದ್ದು ಜನರ ಚಟಗಳನ್ನು. ಮನೆಮನೆಯ ಮುಂದೆ ನಿಂತು, ಬೀಡಿಯನ್ನು, ಬಾಟಲಿಯನ್ನು, ಕುಡಿಯುವ ಆಸೆಯನ್ನೇ ಭಿಕ್ಷೆಯಾಗಿ ಬೇಡಿದರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಗುರುವೇ ಭಕ್ತನ ಮುಂದೆ ಕೈಯೊಡ್ಡಿ ನಿಂತಾಗ ಭಕ್ತನು ನಾಚಿ ಕೊಟ್ಟುಬಿಡುತ್ತಾನೆ. ಬೈಗುಳದಿಂದ ಆಗದ ಕಾರ್ಯವು ಬೇಡುವುದರಿಂದ ಆಗುತ್ತದೆ.

ಈಗಿನ ವೈದ್ಯಶಾಸ್ತ್ರವು ಇದಕ್ಕೆ ಇನ್ನೊಂದು ತಿಳಿವನ್ನು ಕೂಡಿಸಿದೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 16 ಕೋಟಿ ಜನರು ಮದ್ಯ ಸೇವಿಸುತ್ತಾರೆ. ಅವರಲ್ಲಿ 5 ಕೋಟಿ 70 ಲಕ್ಷ ಜನರಿಗೆ ಚಿಕಿತ್ಸೆಯೋ ನೆರವೋ ಬೇಕಾಗಿದೆ. ಮದ್ಯವು ಯಕೃತ್ತನ್ನು ಕೆಡಿಸುವುದಲ್ಲದೆ ಹಲವು ಬಗೆಯ ಕ್ಯಾನ್ಸರಿಗೂ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಇಷ್ಟು ಕುಡಿದರೆ ಬಾಧಕವಿಲ್ಲವೆನ್ನುವ ಅಳತೆ ಯಾವುದೂ ಇಲ್ಲವೆಂದು 2023ರಲ್ಲಿ ಅದು ಸಾರಿತು. ಗಾಂಜಾ, ನಿದ್ರೆಯ ಮಾತ್ರೆ ಮೊದಲಾದ ಮಾದಕಗಳೂ ಈಗ ತರುಣರನ್ನು ಕೆಡಿಸುತ್ತಿವೆ. ಇನ್ನೊಂದು ಮುಖ್ಯ ವಿಷಯವನ್ನು ಮನೆಯವರು ನೆನಪಿಡಬೇಕು. ಬಹುಕಾಲ ಅತಿಯಾಗಿ ಕುಡಿದವನು ಒಮ್ಮೆಗೇ ಬಿಟ್ಟರೆ ಮೈನಡುಕ, ಭ್ರಮೆ, ಮೂರ್ಛೆಗಳು ಬರಬಹುದು. ಕೆಲವೊಮ್ಮೆ ಪ್ರಾಣಕ್ಕೂ ಅಪಾಯವಾಗಬಹುದು. ಆದಕಾರಣ ವ್ರತವನ್ನು ಹಿಡಿಯುವ ದಿನವೇ ವೈದ್ಯರನ್ನೂ ಕಾಣಬೇಕು. ಕುಡಿತವು ಒಂದು ಹಂತವನ್ನು ದಾಟಿದ ಮೇಲೆ ರೋಗವೇ ಆಗುತ್ತದೆ. ರೋಗಿಗೆ ಔಷಧವನ್ನು ಕೊಡಿಸುವುದು ಭಕ್ತಿಯ ಕೊರತೆಯೇನೂ ಅಲ್ಲ. ಸಲಹೆ ಬೇಕಾದವರು ಸರ್ಕಾರದ 14446 ಎಂಬ ಉಚಿತ ದೂರವಾಣಿಗೆ ಕರೆಮಾಡಬಹುದು.

ಇನ್ನು ಗೃಹಸ್ಥರಾದ ನಾವು ನಮ್ಮ ನಮ್ಮ ಮನೆಯ ಹೊಸ್ತಿಲಿನಲ್ಲಿ ನಿಂತು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಉಬ್ರಾಣಿ ಹೋಬಳಿಯಲ್ಲಿ, ಚನ್ನಗಿರಿಯ ಸುತ್ತ ಅಡಿಕೆಯ ತೋಟಗಳು ಎದ್ದಿವೆ. ಕೊಯ್ಲಿನ ಕಾಲದಲ್ಲಿ ರೊಕ್ಕವು ಒಮ್ಮೆಗೇ ಕೈಗೆ ಬರುತ್ತದೆ. ಆ ರೊಕ್ಕವು ಸಂಜೆ ಯಾವ ದಾರಿಯನ್ನು ಹಿಡಿಯುತ್ತದೆ? ಆಳುಗಳನ್ನು ಒಲಿಸಿಕೊಳ್ಳಲು ಕೂಲಿಯ ಜೊತೆಗೆ ಬಾಟಲಿಯನ್ನೂ ಕೊಡುವ ಯಜಮಾನನು ಕೊಟ್ಟದ್ದು ಬಹುಮಾನವೋ, ಆ ಆಳಿನ ಮಕ್ಕಳ ಅನ್ನದ ಅಪಹಾರವೋ? ಕೊರಳಲ್ಲಿ ಲಿಂಗವನ್ನು ಧರಿಸಿ, ತನ್ನ ಕಟ್ಟಡವನ್ನು ಮದ್ಯದಂಗಡಿಗೆ ಬಾಡಿಗೆ ಕೊಟ್ಟವನು ತಾನು ಕುಡಿಯುವುದಿಲ್ಲವೆಂಬುದರಿಂದಲೇ ಶುದ್ಧನಾಗುವನೇ? ಚುನಾವಣೆ ಬಂದಾಗ ಊರಿಗೆ ಹಂಚಿದ ಮದ್ಯವನ್ನು ಕಂಡೂ ಕಾಣದಂತಿದ್ದ ಹಿರಿಯರು ಮರುದಿನ ಹುಡುಗರಿಗೆ ನೀತಿ ಹೇಳಬಲ್ಲರೇ? ಕುಡಿಯುವವನ ತಪ್ಪು ಎಲ್ಲರಿಗೂ ಕಾಣುತ್ತದೆ. ಕುಡಿಸುವವನ ತಪ್ಪು ಬೆಳ್ಳನೆಯ ಬಟ್ಟೆಯೊಳಗೆ ಅಡಗಿರುತ್ತದೆ. ಮಂಜಪ್ಪನವರ ಚರಿತ್ರೆಯು ಮೊದಲು ತಿದ್ದುವುದು ಈ ಎರಡನೆಯವನನ್ನು.

ಆದುದರಿಂದ ಅವರ ಬಾಳಿನಿಂದ ನಾವು ಕಲಿಯುವುದು ಮೂರು ಹೆಜ್ಜೆಗಳನ್ನು. ಮೊದಲನೆಯದು, ಪರರಿಗೆ ಹೇಳುವ ಮುನ್ನ ತಾನೊಂದು ವ್ರತವನ್ನು ಹಿಡಿಯುವುದು. ಯಾವ ಚಟವಾದರೂ ಸರಿ, ತನ್ನದನ್ನು ತಾನು ಮೊದಲು ಬಿಡುವುದು. ಎರಡನೆಯದು, ಊರಿನ ಸಂಜೆಯನ್ನು ತುಂಬುವುದು. ಮಠದಲ್ಲಿ, ಶಾಲೆಯ ಜಗಲಿಯಲ್ಲಿ, ಎಲ್ಲಿಯೇ ಆಗಲಿ, ಭಜನೆಗೋ ವಚನದ ಓದಿಗೋ ಆಟಕ್ಕೋ ಒಂದು ಬಾಗಿಲು ತೆರೆದಿರುವಂತೆ ನೋಡಿಕೊಳ್ಳುವುದು. ಮೂರನೆಯದು, ಬಿದ್ದವನನ್ನು ಹೊರಗೆ ಹಾಕದೆ ಒಳಗೆ ಕರೆಯುವುದು. ಹೆಂಡದ ಮಾರಯ್ಯನನ್ನು ಅಯ್ಯನೆಂದು ಕರೆದ ಪರಂಪರೆ ನಮ್ಮದು. ಆ ಪರಂಪರೆಯ ಮನೆಯೊಂದರಲ್ಲಿ ಕುಡಿದು ಬಂದ ಮಗನಿಗೆ ತಾಯಿಯು ಅನ್ನವಿಕ್ಕಿ, ಬೆಳಗಾದ ಮೇಲೆ ಕೈಹಿಡಿದು ವೈದ್ಯರಲ್ಲಿಗೂ ಗುರುಗಳಲ್ಲಿಗೂ ಕರೆದೊಯ್ದರೆ, ಅಂದು ಆ ಮನೆಯಲ್ಲಿ ನಡೆದುದೇ ನಿಜವಾದ ಬಸವ ಜಯಂತಿ. ಅಂತಹ ಬುದ್ಧಿಯನ್ನೂ ಬಲವನ್ನೂ ಶಿವನು ನಮ್ಮೆಲ್ಲರಿಗೂ ಕರುಣಿಸಲಿ. ಶರಣು ಶರಣಾರ್ಥಿ.